ಕಡಲೊಳಗೆ ಕಾಣೆಯಾದವರು: ಯುದ್ಧದಲ್ಲಿ ಮುಳುಗಿದ ಜಲಾಂತರ್ಗಾಮಿಗಳ ಪತ್ತೆ ಯಾಕಿಷ್ಟು ಕಷ್ಟ?

ಶಹಾಪುರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಇರುವ ಒಬ್ಬ ತಾಯಿ ಒಂದು ಸಂಜೆ ಮೊಬೈಲು ಕೈಯಲ್ಲಿ ಹಿಡಿದುಕೊಂಡೇ ಬಂದರು. ಅವರ ಮಗ ಹೈಸ್ಕೂಲಿನಲ್ಲಿ ನನ್ನ ಹತ್ತಿರ ವಿಜ್ಞಾನ ಕಲಿತವನು. ನೌಕಾಪಡೆಗೆ ಸೇರಿ ಈಗ ವಿಶಾಖಪಟ್ಟಣದಲ್ಲಿದ್ದಾನೆ, ಜಲಾಂತರ್ಗಾಮಿ ವಿಭಾಗಕ್ಕೆ ಹೋಗಬೇಕೆಂಬ ಆಸೆ ಅವನಿಗೆ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ನೋಡಿ ತಾಯಿಗೆ ದಿಗಿಲು ಹತ್ತಿತ್ತು. ಪರದೆಯ ಮೇಲೆ ತಾಮ್ರದ ಬಣ್ಣದ ಒಂದು ಚಿತ್ರ: ಹರವಾದ ನೆಲ, ನಡುವೆ ಉದ್ದನೆಯ ಒಂದು ಆಕಾರ, ಅದರ ಪಕ್ಕದಲ್ಲಿ ಕಪ್ಪು ನೆರಳು.

“ನೋಡ್ರಿ ಸರ, ಹುಡಿಮಣ್ಣಾಗ ಚಪ್ಪಲಿ ಬಿದ್ದಂಗ ಕಾಣ್ತದ. ಎಂಬತ್ತು ಮಂದಿ ಇದ್ದ ಹಡಗಂತ. ಎಪ್ಪತ್ತೈದು ವರ್ಷ ಯಾರಿಗೂ ಸಿಕ್ಕಿರಲಿಲ್ಲಂತ. ಅಷ್ಟು ದೊಡ್ಡದು ಹೆಂಗ ಕಳೀತದ್ರಿ?”

ಅವತ್ತು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಆಮೇಲೆ ಮತ್ತೂ ಮೂರು ನಾಲ್ಕು ಮಂದಿ ಅದೇ ವಿಡಿಯೊ ತೋರಿಸಿ ಅದನ್ನೇ ಕೇಳಿದರು. ಯಾದಗಿರಿ, ಕಲಬುರಗಿ, ಬೀದರ ಸೀಮೆಯ ನಮಗೆ ನೀರೆಂದರೆ ಭೀಮಾ, ಕೃಷ್ಣಾ, ನಾರಾಯಣಪುರದ ಕಾಲುವೆ, ಇಲ್ಲವೇ ಊರ ಬಾವಿ. ಕಡಲು ಕಂಡವರೇ ಕಡಿಮೆ. ಆದರೆ ಕಡಲಿನ ಕೆಲಸಕ್ಕೆ ಹೋದ ಹುಡುಗರು ನಮ್ಮ ಊರುಗಳಲ್ಲೂ ಇದ್ದಾರೆ, ಅವರ ಮನೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಹಾಗಾಗಿ ಬುಡದಿಂದ ಬರೆಯುತ್ತಿದ್ದೇನೆ.

ಜಲಾಂತರ್ಗಾಮಿ ಮುಳುಗುವುದು ಹೇಗೆ, ಏಳುವುದು ಹೇಗೆ

ಬಾವಿಯಲ್ಲಿ ಈಜು ಕಲಿತವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮುಚ್ಚಳ ಬಿಗಿದ ಖಾಲಿ ಡಬ್ಬಿ ಬೆನ್ನಿಗೆ ಕಟ್ಟಿಕೊಂಡರೆ ಮೈ ತೇಲುತ್ತದೆ. ಮುಚ್ಚಳ ಸಡಿಲಾಗಿ ನೀರು ಹೊಕ್ಕಿತೋ, ಅದೇ ಡಬ್ಬಿ ಕೆಳಗೆ ಜಗ್ಗುತ್ತದೆ. ಜಲಾಂತರ್ಗಾಮಿಯ ಒಡಲಿಗೆ ಹತ್ತಿಕೊಂಡು ಇಂಥ ದೊಡ್ಡ ಟ್ಯಾಂಕುಗಳಿರುತ್ತವೆ. ಅವಕ್ಕೆ ಸಮುದ್ರದ ನೀರು ಬಿಟ್ಟರೆ ಹಡಗು ಮುಳುಗುತ್ತದೆ. ಒತ್ತಿ ತುಂಬಿಟ್ಟ ಗಾಳಿಯಿಂದ ಆ ನೀರನ್ನು ಹೊರಗೆ ನೂಕಿದರೆ ಮೇಲೇಳುತ್ತದೆ.

ಕಷ್ಟ ಇರುವುದು ನೀರಿನ ಭಾರದಲ್ಲಿ. ಪ್ರತಿ ಹತ್ತು ಮೀಟರ್ ಕೆಳಗಿಳಿದಂತೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೊ ಒತ್ತಡ ಕೂಡುತ್ತ ಹೋಗುತ್ತದೆ. 100 ಮೀಟರ್ ಆಳದಲ್ಲಿ ಅಂಗೈಯಗಲದ ಜಾಗದ ಮೇಲೆ ಬೀಳುವ ಭಾರ ಹತ್ತು ಕ್ವಿಂಟಲ್. ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಚೀಲ ಹೊರುವ ಹಮಾಲರಿಗೆ ಈ ಲೆಕ್ಕ ಸರಿಯಾಗಿ ತಿಳಿಯುತ್ತದೆ: ಐವತ್ತು ಕಿಲೊದ ಇಪ್ಪತ್ತು ಚೀಲ, ಒಂದು ಅಂಗೈ ಮೇಲೆ. ಹಡಗಿನ ಉಕ್ಕಿನ ಗೋಡೆ ಇದನ್ನು ಒಂದು ಆಳದವರೆಗೆ ತಡೆಯುತ್ತದೆ. ಆ ಮಿತಿ ದಾಟಿದರೆ ಒಳಗೆ ಕುಸಿಯುತ್ತದೆ, ಅದೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಒಳಗಿದ್ದವರು ಸುದ್ದಿ ಕಳಿಸುವ ಮಾತೇ ಇಲ್ಲ.

ಎರಡನೇ ಮಹಾಯುದ್ಧದ ಕಾಲದ ಜಲಾಂತರ್ಗಾಮಿಗಳು ಹೆಚ್ಚು ಹೊತ್ತು ನೀರಿನ ಮೇಲೆಯೇ ಓಡುತ್ತಿದ್ದವು. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕಿತ್ತು. ಶತ್ರು ಕಂಡಾಗ, ದಾಳಿಗೆ ಹೊಂಚು ಹಾಕುವಾಗ ಮುಳುಗಿ ಬ್ಯಾಟರಿಯ ಮೇಲೆ ನಡೆಯುತ್ತಿದ್ದವು.

‘ಕಾಣೆ’ ಅಂತ ಹೇಳುವುದು ಯಾವಾಗ?

ರೇಡಿಯೊ ಅಲೆ ಸಮುದ್ರದ ನೀರಿನಲ್ಲಿ ದೂರ ಹೋಗುವುದಿಲ್ಲ. ಮಾತಾಡಬೇಕೆಂದರೆ ಹಡಗು ಮೇಲೆ ಬರಬೇಕು, ಇಲ್ಲವೇ ಆಂಟೆನಾ ಆದರೂ ನೀರಿನಿಂದ ಹೊರಗೆ ತೆಗೆಯಬೇಕು. ಹಾಗೆ ಮಾತಾಡಿದರೆ ಆ ಅಲೆ ಯಾವ ದಿಕ್ಕಿನಿಂದ ಬಂತು ಎಂದು ಶತ್ರು ಹಿಡಿದುಬಿಡುತ್ತಾನೆ. ಆದ್ದರಿಂದ ಯುದ್ಧದಲ್ಲಿ ಜಲಾಂತರ್ಗಾಮಿ ವಾರಗಟ್ಟಲೆ ತುಟಿ ಬಿಚ್ಚದೆ ಇರುತ್ತದೆ. ಅದು ಬದುಕಿರುವುದೇ ಸುಮ್ಮನಿರುವುದರಿಂದ. ದಡದಲ್ಲಿ ಕಾಯುವವರಿಗೆ ಕಷ್ಟವಾಗುವುದೂ ಇದರಿಂದಲೇ: ಸುಮ್ಮನಿರುವ ಹಡಗಿಗೂ ಮುಳುಗಿಹೋದ ಹಡಗಿಗೂ ಅವರ ಪಾಲಿಗೆ ಮೊದಮೊದಲು ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಆ ತಾಯಿ ತೋರಿಸಿದ ವಿಡಿಯೊದ ಹಡಗು ಅಮೆರಿಕದ ಗ್ರೇಬ್ಯಾಕ್. 1944ರ ಜನವರಿ 28ರಂದು ಪರ್ಲ್ ಹಾರ್ಬರ್ ಬಿಟ್ಟಿತು. ಫೆಬ್ರವರಿ 25ರಂದು ಕೊನೆಯ ಸಂದೇಶ ಕಳಿಸಿತು. ಮಾರ್ಚ್ 7ಕ್ಕೆ ಮಿಡ್‌ವೇ ದ್ವೀಪ ಮುಟ್ಟಬೇಕಿತ್ತು, ಮುಟ್ಟಲಿಲ್ಲ. ಮಾರ್ಚ್ 30ಕ್ಕೆ ಕಳೆದುಹೋದ ಹಡಗುಗಳ ಪಟ್ಟಿಗೆ ಸೇರಿಸಿದರು. ಅಮೆರಿಕದ ಕಡೆಯವರು ಯಾರೂ ಏನೂ ನೋಡಿರಲಿಲ್ಲ, ಕೇಳಿರಲಿಲ್ಲ. ಬರಬೇಕಾದ ದಿನ ಬರಲಿಲ್ಲ ಎಂಬುದೊಂದೇ ಆಧಾರ. ಆ ಯುದ್ಧದಲ್ಲಿ ಅಮೆರಿಕ ಕಳೆದುಕೊಂಡ ಜಲಾಂತರ್ಗಾಮಿಗಳು 52, ಅವುಗಳ ಜೊತೆ ಹೋದವರು 3,500ಕ್ಕೂ ಹೆಚ್ಚು ಮಂದಿ. ಜರ್ಮನಿಯ ಲೆಕ್ಕ ಇನ್ನೂ ದೊಡ್ಡದು. ಅಲ್ಲಿ ಜಲಾಂತರ್ಗಾಮಿಗಳಲ್ಲಿ ದುಡಿದ ಸುಮಾರು 40 ಸಾವಿರ ಮಂದಿಯಲ್ಲಿ ಮುಕ್ಕಾಲು ಪಾಲಿನಷ್ಟು ಜನ ತಿರುಗಿ ಬರಲಿಲ್ಲ.

ಮನೆಗೆ ಬರುತ್ತಿದ್ದ ತಂತಿಯಲ್ಲಿ ‘ಸತ್ತ’ ಎಂದು ಇರುತ್ತಿರಲಿಲ್ಲ, ‘ಕಾಣೆಯಾಗಿದ್ದಾನೆ’ ಎಂದಿರುತ್ತಿತ್ತು. ಅಮೆರಿಕದಲ್ಲಿ ಒಂದು ವರ್ಷದ ಮೇಲೆ ಒಂದು ದಿನ ಕಳೆದರೆ ಸತ್ತಿದ್ದಾನೆಂದು ಭಾವಿಸಿ ಕಾಗದ ಬರೆಯುತ್ತಿದ್ದರು. ನಮ್ಮ ದೇಶದ ಸಾಕ್ಷ್ಯ ಕಾನೂನು ಏಳು ವರ್ಷ ಸುದ್ದಿಯಿಲ್ಲದವರನ್ನು ಬದುಕಿಲ್ಲವೆಂದು ಭಾವಿಸುತ್ತದೆ. ಆ ನಡುವಿನ ಕಾಲದಲ್ಲಿ ಹೆಂಡತಿ ಕುಂಕುಮ ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ಯಾವ ಕಾನೂನಿನಲ್ಲೂ ಉತ್ತರವಿಲ್ಲ.

ಮುಳುಗಿಸಿದೆವು ಅಂದವರ ಮಾತು ಎಷ್ಟು ನಂಬಬಹುದು?

ಹಡಗು ತಾನೇ ಹೇಳುವುದಿಲ್ಲ. ಹಾಗಾದರೆ ಉಳಿಯುವುದು ಅದನ್ನು ಹೊಡೆದವರ ಮಾತು. ಅದು ಸುಳ್ಳೆಂದಲ್ಲ, ಅರ್ಧ ಕಂಡದ್ದು.

ಜಲಾಂತರ್ಗಾಮಿಯ ಮೇಲೆ ಹಾಕುತ್ತಿದ್ದ ಆಯುಧಕ್ಕೆ ಡೆಪ್ತ್ ಚಾರ್ಜ್ ಎನ್ನುತ್ತಾರೆ. ಎಣ್ಣೆ ಪೀಪಾಯಿಯಂಥ ಬಾಂಬು; ಗೊತ್ತುಮಾಡಿದ ಆಳಕ್ಕೆ ಇಳಿದು ಅಲ್ಲಿ ಸಿಡಿಯುತ್ತದೆ. ಸಿಡಿದಾಗ ನೀರೆಲ್ಲ ಕಲಕಿ, ಗುಳ್ಳೆ ತುಂಬಿ, ಕೆಳಗಿನ ಸದ್ದು ಕೇಳುವ ಯಂತ್ರಕ್ಕೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ಜಲಾಂತರ್ಗಾಮಿ ಸತ್ತಿರಬಹುದು, ತಪ್ಪಿಸಿಕೊಂಡೂ ಹೋಗಿರಬಹುದು. ನೀರಿನ ಮೇಲೆ ಎಣ್ಣೆ ತೇಲಿತೆಂದರೆ ಟ್ಯಾಂಕು ಸೋರಿದೆ ಎಂದಷ್ಟೇ ಅರ್ಥ. ಶತ್ರು ನಂಬಲಿ ಎಂದು ಜಲಾಂತರ್ಗಾಮಿಯವರೇ ಎಣ್ಣೆ, ಬಟ್ಟೆಬರೆ ಹೊರಗೆ ಬಿಟ್ಟು ಸುಮ್ಮನೆ ತಳದಲ್ಲಿ ಕುಳಿತದ್ದೂ ಉಂಟು. ಹೀಗಾಗಿ ಬ್ರಿಟನ್ನಿನ ನೌಕಾ ಇಲಾಖೆ ಇದಕ್ಕೆಂದೇ ಒಂದು ಸಮಿತಿ ಇಟ್ಟು, ಪ್ರತಿ ದಾಳಿಯ ವರದಿಗೂ ‘ಖಚಿತ’, ‘ಬಹುಶಃ’ ಎಂದು ದರ್ಜೆ ಕೊಡುತ್ತಿತ್ತು. ಯುದ್ಧ ಮುಗಿದ ಮೇಲೆ ಜರ್ಮನಿಯ ಕಡತಗಳ ಜೊತೆ ಹೊಂದಿಸಿ ನೋಡಿದರು. ಆ ಪಟ್ಟಿಯಲ್ಲಿ ತಿದ್ದುಪಡಿಗಳು ದಶಕಗಳ ನಂತರವೂ ನಡೆದವು.

ಇದರಲ್ಲಿ ನನಗೆ ಮರೆಯಲಾಗದ್ದು ಯು-166 ಎಂಬ ಜರ್ಮನ್ ಜಲಾಂತರ್ಗಾಮಿಯ ಕತೆ. 1942ರ ಜುಲೈ 30ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಅದು ರಾಬರ್ಟ್ ಇ. ಲೀ ಎಂಬ ಪ್ರಯಾಣಿಕರ ಹಡಗಿಗೆ ಟಾರ್ಪೆಡೊ, ಅಂದರೆ ನೀರಿನಲ್ಲಿ ತಾನೇ ಓಡುವ ಬಾಂಬು, ಹೊಡೆಯಿತು. ಕಾವಲಿಗಿದ್ದ ಪಿಸಿ-566 ಎಂಬ ಸಣ್ಣ ಅಮೆರಿಕನ್ ಹಡಗು ತಕ್ಷಣ ಡೆಪ್ತ್ ಚಾರ್ಜ್ ಹಾಕಿತು. ನೀರಿನ ಮೇಲೆ ಎಣ್ಣೆ ಕಂಡಿತೆಂದು ಅದರ ಕ್ಯಾಪ್ಟನ್ ಹರ್ಬರ್ಟ್ ಕ್ಲಾಡಿಯಸ್ ವರದಿ ಕೊಟ್ಟ. ಮೇಲಿನವರು ನಂಬಲಿಲ್ಲ. ದಾಳಿ ಸರಿಯಾಗಿ ಮಾಡಲಿಲ್ಲವೆಂದು ಅವನನ್ನೇ ತಿರುಗಿ ತರಬೇತಿಗೆ ಕಳಿಸಿದರು. ಎರಡು ದಿನ ಕಳೆದು, ಆಗಸ್ಟ್ 1ರಂದು, ಬೇರೆಯೇ ಜಾಗದಲ್ಲಿ ಕೋಸ್ಟ್ ಗಾರ್ಡಿನ ಒಂದು ವಿಮಾನ ಒಂದು ಜಲಾಂತರ್ಗಾಮಿಯ ಮೇಲೆ ಬಾಂಬು ಹಾಕಿತು. ಯು-166 ಮುಳುಗಿದ ಕೀರ್ತಿ ಆ ವಿಮಾನಕ್ಕೆ ಹೋಯಿತು. ನಿಜಕ್ಕೂ ವಿಮಾನದವರು ಕಂಡದ್ದು ಯು-171 ಎಂಬ ಇನ್ನೊಂದನ್ನು, ಅದು ಮುಳುಗಿರಲೂ ಇಲ್ಲ.

ಯು-166 ಅನ್ನು ಹುಡುಕಿದವರೆಲ್ಲ ವಿಮಾನ ಹೇಳಿದ ಜಾಗದ ಸುತ್ತಲೇ ಹುಡುಕಿದರು. ಸಿಗುವುದಾದರೂ ಹೇಗೆ? 1986ರಲ್ಲಿ ಸಮುದ್ರ ತಳದ ಸಮೀಕ್ಷೆ ಮಾಡುವಾಗ ಎರಡು ಅವಶೇಷ ಕಂಡಿದ್ದವು. ಒಂದು ರಾಬರ್ಟ್ ಇ. ಲೀ; ಇನ್ನೊಂದನ್ನು ಅಲ್ಕೊವಾ ಪ್ಯುರಿಟನ್ ಎಂಬ ಸರಕು ಹಡಗೆಂದು ಬರೆದುಕೊಂಡರು. 2001ರಲ್ಲಿ ತೈಲ ಕಂಪನಿಗಳ ಪೈಪ್‌ಲೈನ್ ಹಾದಿಗಾಗಿ ಮತ್ತೆ ನೋಡಿದಾಗ ಆ ಸರಕು ಹಡಗು ಸರಕು ಹಡಗಾಗಿರಲಿಲ್ಲ. ಸುಮಾರು 1,500 ಮೀಟರ್ ಆಳದಲ್ಲಿ, ತಾನು ಹೊಡೆದ ಹಡಗಿನಿಂದ ಮೂರು ಕಿಲೋಮೀಟರಿನೊಳಗೇ, ಯು-166 ಬಿದ್ದಿತ್ತು. 52 ಮಂದಿ ಅದರೊಳಗೆ. ಕ್ಯಾಪ್ಟನ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. 2014ರಲ್ಲಿ ಅಮೆರಿಕದ ನೌಕಾಪಡೆ ಅವನಿಗೆ ಪದಕ ಕೊಟ್ಟಿತು. ಅವನು ತೀರಿಕೊಂಡು ಮೂರು ದಶಕ ದಾಟಿತ್ತು, ಮಗ ಬಂದು ಇಸಿದುಕೊಂಡ.

ಒಂದು ಅಂಕಿ ತಪ್ಪಿದ್ದಕ್ಕೆ

ಕಲಬುರಗಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ನೆನೆಸಿಕೊಳ್ಳಿ. ಪರದೆ ಎಳೆದು ಮಲಗಿದ್ದೀರಿ, ನಡುರಾತ್ರಿ ಎಚ್ಚರವಾಯಿತು. ಎಲ್ಲಿದ್ದೇವೆ? ಹೊರಟು ಎರಡು ಗಂಟೆಯಾಯಿತು, ಜೇವರ್ಗಿ ದಾಟಿರಬೇಕು, ಶಹಾಪುರ ಬಂದಿರಬೇಕು ಎಂದು ಹೊತ್ತಿನ ಮೇಲೆ, ವೇಗದ ಮೇಲೆ ಅಂದಾಜು ಕಟ್ಟುತ್ತೀರಿ. ಜಿಪಿಎಸ್ ಬರುವ ಮುಂಚೆ ಹಡಗು, ವಿಮಾನಗಳು ಕಡಲಿನ ಮೇಲೆ ತಮ್ಮ ಜಾಗ ಗುರುತಿಸುತ್ತಿದ್ದದ್ದು ಬಹುಮಟ್ಟಿಗೆ ಹೀಗೆಯೇ. ಸೂರ್ಯ, ನಕ್ಷತ್ರ ಕಂಡಾಗ ಅಳೆದು ತಿದ್ದಿಕೊಳ್ಳುತ್ತಿದ್ದರು. ಮೋಡ ಕವಿದರೆ, ಯುದ್ಧದ ಗಡಿಬಿಡಿ ಇದ್ದರೆ ಕೆಲವು ಕಿಲೋಮೀಟರ್ ಆಚೀಚೆ ಆಗುವುದು ಸಹಜ.

ಗ್ರೇಬ್ಯಾಕ್ ವಿಷಯದಲ್ಲಿ ತಪ್ಪು ಆದದ್ದು ಕಡಲಲ್ಲಲ್ಲ, ಕಾಗದದಲ್ಲಿ. ಯುದ್ಧ ಮುಗಿದ ಮೇಲೆ ಅಮೆರಿಕ ತನ್ನ ಕಳೆದ ಹಡಗುಗಳ ಪಟ್ಟಿ ಮಾಡಲು ಜಪಾನಿನ ದಾಖಲೆಗಳನ್ನು ಅನುವಾದ ಮಾಡಿಸಿತು. ಗ್ರೇಬ್ಯಾಕ್ ಮೇಲೆ ದಾಳಿಯಾದ ಜಾಗದ ರೇಖಾಂಶ ಬರೆಯುವಾಗ ಒಂದೇ ಒಂದು ಅಂಕಿ ತಪ್ಪಾಯಿತು. ಅದರಿಂದ ನಕ್ಷೆಯ ಮೇಲಿನ ಗುರುತು ಸುಮಾರು 160 ಕಿಲೋಮೀಟರ್ ಸರಿಯಿತು. ಕಲಬುರಗಿಯಲ್ಲಿ ಬಿದ್ದದ್ದನ್ನು ವಿಜಯಪುರದಲ್ಲಿ ಹುಡುಕಿದ ಹಾಗೆ. ಯುಟಾಕಾ ಇವಾಸಾಕಿ ಎಂಬ ಜಪಾನಿ ಸಂಶೋಧಕರು ಸಾಸೆಬೊ ನೌಕಾನೆಲೆಯ ಮೂಲ ದಾಖಲೆಯನ್ನೇ ತೆಗೆದು ಓದಿದಾಗ ತಪ್ಪು ಸಿಕ್ಕಿತು. 1944ರ ಫೆಬ್ರವರಿ 27ರಂದು ಜಪಾನಿನ ವಿಮಾನವೊಂದು ನೀರಿನ ಮೇಲಿದ್ದ ಜಲಾಂತರ್ಗಾಮಿಗೆ ಬಾಂಬು ಹಾಕಿದ್ದು, ಅದು ತಕ್ಷಣ ಮುಳುಗಿದ್ದು, ಎಲ್ಲವೂ ಆ ಹಳೆಯ ಹಾಳೆಯಲ್ಲಿ ಸರಿಯಾಗಿಯೇ ಇತ್ತು. ಅಮೆರಿಕದ ಟಿಮ್ ಟೇಲರ್ ಅವರ ತಂಡ 2019ರಲ್ಲಿ ಓಕಿನಾವಾದ ದಕ್ಷಿಣಕ್ಕೆ, 400 ಮೀಟರಿಗೂ ಹೆಚ್ಚು ಆಳದಲ್ಲಿ ಅದನ್ನು ಕಂಡಿತು. ಕ್ಯಾಮೆರಾ ಹತ್ತಿರ ಹೋದಾಗ ಹಡಗಿನ ಹೆಸರಿನ ಫಲಕ ಇನ್ನೂ ಓದುವ ಹಾಗಿತ್ತು. ಆಲ್ಬಕೋರ್ ಎಂಬ ಇನ್ನೊಂದು ಅಮೆರಿಕನ್ ಜಲಾಂತರ್ಗಾಮಿ 2023ರಲ್ಲಿ ಖಚಿತವಾದದ್ದಕ್ಕೂ ಜಪಾನಿನ ದಾಖಲೆಗಳೇ ದಾರಿ ತೋರಿದವು.

ನನ್ನ ಮಟ್ಟಿಗೆ ಈ ವಿಷಯದ ಗಂಟು ಇರುವುದು ಇಲ್ಲಿಯೇ. ಹೊರಟ ದಿನ, ಹೋಗಬೇಕಾದ ದಾರಿ ಹಡಗಿನವರ ಕಡೆಯ ಪುಸ್ತಕದಲ್ಲಿರುತ್ತದೆ. ಕೊನೆಯ ಗಳಿಗೆ ಇರುವುದು ಶತ್ರುವಿನ ಪುಸ್ತಕದಲ್ಲಿ, ಬೇರೆ ಭಾಷೆಯಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಹರವುವವರು ಸಿಗುವವರೆಗೆ ಕಡಲು ಎಷ್ಟು ಬಗೆದರೂ ಪ್ರಯೋಜನವಿಲ್ಲ.

ಹುಡುಕುವುದು ಹೇಗೆ?

ನಾನು ಸಣ್ಣವನಿದ್ದಾಗ ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ ಯಾರದೋ ಮನೆಯಿಂದ ಪಾತಾಳಗರಡಿ ತರುತ್ತಿದ್ದರು. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳು ನೇತಾಡುವ ಸಾಮಾನು ಅದು. ಹಗ್ಗ ಕಟ್ಟಿ ಇಳಿಬಿಟ್ಟು, ತಳ ಮುಟ್ಟಿದ್ದು ಕೈಗೆ ತಿಳಿದ ಮೇಲೆ, ನಿಧಾನವಾಗಿ ಜಗ್ಗುತ್ತ ಬಾವಿಕಟ್ಟೆಯ ಸುತ್ತ ನಡೆಯಬೇಕು. ಕೊಕ್ಕೆಗೆ ಕಲ್ಲು ಸಿಕ್ಕರೆ ಹಗ್ಗ ಅಲ್ಲೇ ನಿಲ್ಲುತ್ತದೆ. ಕೊಡ ಸಿಕ್ಕರೆ ಭಾರವಾಗಿ ತೂಗುತ್ತ ಬರುತ್ತದೆ. ಎಷ್ಟೋ ಸಲ ನಮ್ಮ ಕೊಡಕ್ಕೆಂದು ಇಳಿಬಿಟ್ಟರೆ ಹತ್ತು ವರ್ಷದ ಹಿಂದೆ ಬಿದ್ದಿದ್ದ ಬೇರೆಯವರ ಕೊಡ, ಪಾಚಿ ಹತ್ತಿ, ಮೇಲೆ ಬರುತ್ತಿತ್ತು.

ಕಡಲಲ್ಲಿ ಕೊಕ್ಕೆಯ ಜಾಗದಲ್ಲಿ ಸದ್ದು. ಬಾವಿಗೆ ಬಗ್ಗಿ ‘ಕೂ’ ಎಂದರೆ ತಿರುಗಿ ಕೇಳಿಸುತ್ತದಲ್ಲ, ಸೋನಾರ್ ಅಂದರೆ ಅದೇ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹೋದ ಸದ್ದು ತಿರುಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದೂರ ತಿಳಿಯುತ್ತದೆ, ಎಷ್ಟು ಗಟ್ಟಿಯಾಗಿ ಬಂತು ಎಂಬುದರಿಂದ ಎದುರಿಗಿರುವುದು ಕೆಸರೋ ಉಕ್ಕೋ ಎಂಬ ಅಂದಾಜು ಸಿಗುತ್ತದೆ. ಅವಶೇಷ ಹುಡುಕುವಾಗ ಈ ಸದ್ದನ್ನು ನೇರ ಕೆಳಗೆ ಬಿಡದೆ ಓರೆಯಾಗಿ ಎರಡೂ ಪಕ್ಕಕ್ಕೆ ಬಿಡುತ್ತಾರೆ. ಮೂಗುತಿ ನೆಲಕ್ಕೆ ಬಿದ್ದಾಗ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಟಾರ್ಚನ್ನು ಮೇಲಿನಿಂದ ಹಿಡಿಯುವುದಿಲ್ಲ, ನೆಲಕ್ಕೆ ತಾಗಿಸಿ ಓರೆಯಾಗಿ ಬಿಡುತ್ತಾರೆ. ಆಗ ಸಣ್ಣ ಹರಳಿಗೂ ಉದ್ದ ನೆರಳು ಬೀಳುತ್ತದೆ. ಮೊಬೈಲಿನಲ್ಲಿ ಆ ತಾಯಿ ಕಂಡ ಕಪ್ಪು ನೆರಳು ಬೆಳಕಿನದಲ್ಲ, ಸದ್ದು ಮುಟ್ಟದೆ ಉಳಿದ ಜಾಗ. ಅದನ್ನು ಕೇಳಿ ಅವರು ಚಿತ್ರವನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದರು.

ಈ ಯಂತ್ರವನ್ನು ಹಡಗಿನ ಹಿಂದೆ ಎಳೆಯುತ್ತಾರೆ, ಇಲ್ಲವೇ ತಾನೇ ಈಜುವ ರೋಬಾಟಿಗೆ ಕಟ್ಟಿ ಬಿಡುತ್ತಾರೆ. ಹೊಲಕ್ಕೆ ಕುಂಟೆ ಹೊಡೆದ ಹಾಗೆ ಸಾಲು ಸಾಲಾಗಿ, ಒಂದು ಸಾಲಿಗೆ ಇನ್ನೊಂದು ತುಸು ಮೇಲೆ ಬರುವಂತೆ, ದಿನಗಟ್ಟಲೆ. ಕಬ್ಬಿಣದ ಇರವನ್ನು ಹೇಳುವ ಕಾಂತಮಾಪಕವೂ ಜೊತೆಗಿರುತ್ತದೆ. ಏನಾದರೂ ಕಂಡ ಮೇಲೆಯೇ ಕ್ಯಾಮೆರಾ ಇಳಿಯುವುದು. ಹೊಲ ಎಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಕುಂಟೆ ಹೊಡೆಯಬಹುದು, ಅದಕ್ಕೇ ಹಳೆಯ ಕಾಗದಗಳಿಗೆ ಅಷ್ಟು ಬೆಲೆ.

ಬೇರೆಯವರ ಕೊಡ ಸಿಕ್ಕಾಗ

1991ರಲ್ಲಿ ಅಮೆರಿಕದ ನ್ಯೂ ಜೆರ್ಸಿ ಕರಾವಳಿಯಾಚೆ, ಸುಮಾರು 70 ಮೀಟರ್ ಆಳದಲ್ಲಿ, ಹವ್ಯಾಸಿ ಡೈವರ್‌ಗಳಿಗೆ ಒಂದು ಜರ್ಮನ್ ಜಲಾಂತರ್ಗಾಮಿ ಸಿಕ್ಕಿತು. ಅಲ್ಲಿ ಅಂಥದ್ದು ಇರಬೇಕೆಂದು ಯಾವ ದೇಶದ ದಾಖಲೆಯೂ ಹೇಳುತ್ತಿರಲಿಲ್ಲ. ಒಳಗೆ ಒಂದು ಚಾಕು ದೊರೆಯಿತು, ಹಿಡಿಯ ಮೇಲೆ ‘ಹೋರೆನ್‌ಬರ್ಗ್’ ಎಂಬ ಹೆಸರು ಕೊರೆದಿತ್ತು. ಆ ಹೆಸರಿನ ರೇಡಿಯೊ ಸಿಬ್ಬಂದಿ ಇದ್ದದ್ದು ಯು-869ರಲ್ಲಿ. ಆದರೆ ಯು-869 ಸಾವಿರಾರು ಕಿಲೋಮೀಟರ್ ದೂರದ ಜಿಬ್ರಾಲ್ಟರ್ ಬಳಿ 1945ರ ಫೆಬ್ರವರಿಯಲ್ಲಿ ಮುಳುಗಿತೆಂದು ಪುಸ್ತಕಗಳಲ್ಲಿ ಅಚ್ಚಾಗಿತ್ತು. ಅಚ್ಚಾದದ್ದನ್ನೇ ಜನ ನಂಬಿದರು. ಒಳಹೊಕ್ಕು ಗುರುತು ಹುಡುಕುವ ಯತ್ನದಲ್ಲಿ ಮೂವರು ಡೈವರ್‌ಗಳು ಪ್ರಾಣ ಕಳೆದುಕೊಂಡರು. 1997ರಲ್ಲಿ ಬಿಡಿಭಾಗದ ಪೆಟ್ಟಿಗೆಯ ಚೀಟಿಯೊಂದು ಹೊರಬಂದ ಮೇಲೆಯೇ ಅದು ಯು-869 ಎಂದು ಖಚಿತವಾದದ್ದು. ಮೊದಲು ಅದಕ್ಕೆ ಅಮೆರಿಕದ ಕಡೆ ಹೋಗಲು ಆಜ್ಞೆಯಾಗಿತ್ತು. ಆಮೇಲೆ ಜಿಬ್ರಾಲ್ಟರಿಗೆ ತಿರುಗಲು ಹೇಳಿದ್ದರು. ಆ ಎರಡನೆಯ ಸಂದೇಶ ಅದಕ್ಕೆ ತಲುಪಲೇ ಇಲ್ಲವೆಂದು ಈಗ ಭಾವಿಸುತ್ತಾರೆ.

ಎಲ್ಲಿ ಎಂಬುದು ಸಿಕ್ಕರೂ ಹೇಗೆ ಎಂಬುದು?

ಅವಶೇಷ ಸಿಕ್ಕ ಕೂಡಲೇ ಕತೆ ಮುಗಿಯಿತು ಎಂದುಕೊಳ್ಳುತ್ತೇವೆ. ಯು-869ರ ವಿಷಯದಲ್ಲೇ ನೋಡಿ: ಅಮೆರಿಕದ ಹಡಗುಗಳ ದಾಳಿಯಿಂದ ಮುಳುಗಿತೋ, ತಾನು ಬಿಟ್ಟ ಟಾರ್ಪೆಡೊ ತಿರುಗಿ ಬಂದು ತನಗೇ ಬಡಿಯಿತೋ ಎಂಬ ವಾದ ನಡೆದೇ ಇದೆ.

ತನ್ನ ಟಾರ್ಪೆಡೊ ತನಗೇ ಬಡಿಯುವುದು ಕಟ್ಟುಕತೆಯಲ್ಲ. ಅದರ ಚುಕ್ಕಾಣಿ ಒಂದು ಕಡೆ ಸಿಕ್ಕಿಕೊಂಡರೆ ಗುಂಡಗೆ ಸುತ್ತಿ ಹೊರಟಲ್ಲಿಗೇ ಬರುತ್ತದೆ. 1944ರ ಅಕ್ಟೋಬರಿನಲ್ಲಿ ತೈವಾನ್ ಜಲಸಂಧಿಯಲ್ಲಿ ಅಮೆರಿಕದ ಟ್ಯಾಂಗ್ ಮುಳುಗಿದ್ದು ಹೀಗೆ, ತನ್ನ ಕೊನೆಯ ಟಾರ್ಪೆಡೊದಿಂದ. ಅದರಲ್ಲಿದ್ದ 87 ಮಂದಿಯಲ್ಲಿ ಒಂಬತ್ತು ಜನ ಬದುಕಿದರು, ಆದ್ದರಿಂದ ಲೋಕಕ್ಕೆ ತಿಳಿಯಿತು. ಒಬ್ಬರೂ ಉಳಿಯದ ಹಡಗುಗಳಲ್ಲಿ ಇಂಥದ್ದು ಎಷ್ಟು ಸಲ ಆಯಿತೋ ಹೇಳುವವರಿಲ್ಲ.

ಆಸ್ಟ್ರೇಲಿಯಾದ ಎಇ1 ಶತ್ರುವಿನ ಕೈಯಿಂದ ಸತ್ತದ್ದೇ ಅಲ್ಲ ಎಂದು ತೋರುತ್ತದೆ. ಮೊದಲ ಮಹಾಯುದ್ಧ ಶುರುವಾದ ಎರಡನೇ ತಿಂಗಳು, 1914ರ ಸೆಪ್ಟೆಂಬರ್ 14ರಂದು, ಪಾಪುವಾ ನ್ಯೂ ಗಿನಿಯ ರಬೌಲ್ ಬಳಿ 35 ಮಂದಿಯೊಡನೆ ಅದು ಮಾಯವಾಯಿತು. ಹನ್ನೆರಡು ಸಲ ಹುಡುಕಿ ಸೋತರು. ಹದಿಮೂರನೆಯ ಸಲ, 2017ರ ಡಿಸೆಂಬರಿನಲ್ಲಿ, 300 ಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕಿತು. ಗಾಳಿಯಾಡುವ ಕೊಳವೆಯ ಒಂದು ಕವಾಟ ಪೂರ್ತಿ ಮುಚ್ಚದೆ ಉಳಿದಿದ್ದು ಕ್ಯಾಮೆರಾಕ್ಕೆ ಕಂಡಿತು. ಮುಳುಗುವ ಅಭ್ಯಾಸದ ಹೊತ್ತಿಗೆ ನೀರು ನುಗ್ಗಿ, ಹಿಡಿತ ತಪ್ಪಿ, ತಾಳುವ ಆಳಕ್ಕಿಂತ ಕೆಳಗಿಳಿದಿರಬೇಕೆಂದು ತಜ್ಞರ ಅಂದಾಜು. ಡಬ್ಬಿಯ ಮುಚ್ಚಳದ ಮಾತು ಮೊದಲೇ ಹೇಳಿದೆನಲ್ಲ.

ಗಾಜಿ: ನಮ್ಮ ಕಡಲಿನ ಪ್ರಶ್ನೆ

ನಮ್ಮವರಿಗೆ ಹೆಚ್ಚು ಪರಿಚಿತವಾದದ್ದು ಪಾಕಿಸ್ತಾನದ ಗಾಜಿ. (ಕಲಬುರಗಿ ಕೋಟೆಯ ಬಾರಾ ಗಜಿ ತೋಪಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಮಕ್ಕಳು ಕೇಳುತ್ತಿದ್ದರು. ಇಲ್ಲ. ಅಲ್ಲಿರುವುದು ಅಳತೆಯ ಗಜ, ಹನ್ನೆರಡು ಗಜದ ಫಿರಂಗಿ. ಇಲ್ಲಿ ಗಾಜಿ ಅಂದರೆ ಧರ್ಮಯೋಧ.) ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕ ಕಟ್ಟಿದ್ದ ಡಯಾಬ್ಲೊ ಎಂಬ ಜಲಾಂತರ್ಗಾಮಿಯೇ 1960ರ ದಶಕದಲ್ಲಿ ಪಾಕಿಸ್ತಾನಕ್ಕೆ ಹೋಗಿ ಗಾಜಿಯಾಯಿತು. ಕರಾಚಿಯಿಂದ ಭಾರತವನ್ನು ಸುತ್ತಿ ಬಂಗಾಳ ಕೊಲ್ಲಿಗೆ ಬಂದು ಕಾದಾಡುವ ಶಕ್ತಿ ಅವರ ಹತ್ತಿರ ಇದ್ದದ್ದು ಅದೊಂದಕ್ಕೇ. 1971ರ ನವೆಂಬರ್ 14ರಂದು ಕರಾಚಿ ಬಿಟ್ಟಿತು. ಗುರಿ, ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್.

ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತ್ ಹಡಗನ್ನು ಸದ್ದಿಲ್ಲದೆ ಅಂಡಮಾನಿಗೆ ಕಳಿಸಿ, ಅದು ವಿಶಾಖಪಟ್ಟಣದ ಕಡೆಯೇ ಇದೆ ಎಂಬ ಭ್ರಮೆ ಹುಟ್ಟಿಸಿದರು. ಹಳೆಯ ಯುದ್ಧನೌಕೆ ರಜಪೂತ್ ವಿಕ್ರಾಂತ್ ಹೆಸರಿನಲ್ಲಿ ರೇಡಿಯೊ ಸಂದೇಶ ಕಳಿಸಿತು. ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಗಿತ್ತು. ನಡುರಾತ್ರಿಯ ಹೊತ್ತಿಗೆ ಬಂದರಿನಿಂದ ಹೊರಬೀಳುತ್ತಿದ್ದ ರಜಪೂತ್ ಹಡಗಿನವರು ನೀರಿನಲ್ಲಿ ಅನುಮಾನದ ಅಲುಗಾಟ ಕಂಡು ಡೆಪ್ತ್ ಚಾರ್ಜ್ ಹಾಕಿ ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಭಾರೀ ಸ್ಫೋಟ ಊರಿಗೆಲ್ಲ ಕೇಳಿಸಿತು. ಬೆಳಿಗ್ಗೆ ಮೀನುಗಾರರು ತೇಲುತ್ತಿದ್ದ ಸಾಮಾನು ತಂದುಕೊಟ್ಟರು. ನಿಸ್ತಾರ್ ಎಂಬ ನಮ್ಮ ಹಡಗಿನ ಡೈವರ್‌ಗಳು ಇಳಿದು ನೋಡಿ ಅದು ಗಾಜಿ ಎಂದು ಖಚಿತ ಮಾಡಿದರು. 93 ಮಂದಿ, ಕಮಾಂಡರ್ ಜಫರ್ ಮುಹಮ್ಮದ್ ಖಾನ್ ಸೇರಿ, ಒಬ್ಬರೂ ಉಳಿಯಲಿಲ್ಲ.

ಜಾಗ ಗೊತ್ತು, ರಾತ್ರಿ ಗೊತ್ತು, ಹೆಸರು ಗೊತ್ತು. ಆದರೂ ಕಾರಣಕ್ಕೆ ಒಂದೇ ಉತ್ತರವಿಲ್ಲ. ರಜಪೂತ್ ಮುಳುಗಿಸಿತು ಎಂಬುದು ಭಾರತೀಯ ನೌಕಾಪಡೆ ಹೇಳುತ್ತ ಬಂದದ್ದು. ಬಂದರಿನ ಬಾಯಿಗೆ ಮೈನ್ ಇಡುವಾಗ, ಅಂದರೆ ಹಡಗು ಹಾದರೆ ಸಿಡಿಯುವ ಬಾಂಬು ಹುದುಗಿಸುವಾಗ, ಅದರದೇ ಮೈನ್ ಸಿಡಿದಿರಬೇಕೆಂಬುದು ಪಾಕಿಸ್ತಾನದ ಮಾತು. ಒಳಗಿನ ಸ್ಫೋಟದಿಂದಲೇ ಆಯಿತೆನ್ನುವ ಮೂರನೆಯ ವಾದವೂ ಇದೆ: ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊಮ್ಮುತ್ತದೆ, ಅದು ಒಂದೆಡೆ ಸೇರಿದರೆ ಒಂದು ಕಿಡಿ ಸಾಕು. ಡೆಪ್ತ್ ಚಾರ್ಜಿನ ಏಟಿನಿಂದ ಒಳಗಿನ ಮೈನ್ ಸಿಡಿದಿರಲೂಬಹುದು, ಆಗ ಮೊದಲ ಎರಡು ಉತ್ತರಗಳೂ ಒಂದರೊಳಗೊಂದು ಸೇರಿಬಿಡುತ್ತವೆ. ಯುದ್ಧದ ಹೆಮ್ಮೆ ಎರಡೂ ಕಡೆ ಇರುವಾಗ ಈ ಪ್ರಶ್ನೆಯನ್ನು ಲೋಹದ ಬಾಗಿದ ತುಂಡುಗಳಿಂದ ಮಾತ್ರ ಬಿಡಿಸಬೇಕು, ಅವು ಐವತ್ತು ವರ್ಷದಿಂದ ಉಪ್ಪುನೀರಿನಲ್ಲಿವೆ.

ಅದೇ ವಿಶಾಖಪಟ್ಟಣದ ಕಡಲಲ್ಲಿ ಇನ್ನೊಂದು ಇದೆ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಜಪಾನಿನ ಆರ್‌ಒ-110. 1944ರ ಫೆಬ್ರವರಿ 11ರಂದು ಆಗಿನ ಭಾರತೀಯ ನೌಕಾಪಡೆಯ ಜಮ್ನಾ ಮತ್ತು ಆಸ್ಟ್ರೇಲಿಯಾದ ಲಾನ್ಸೆಸ್ಟನ್, ಇಪ್ಸ್‌ವಿಚ್ ಹಡಗುಗಳು ಸೇರಿ ಅದನ್ನು ಮುಳುಗಿಸಿದವು.

ಸಿಕ್ಕ ಮೇಲೆ ಮೇಲೆತ್ತುತ್ತಾರೆಯೇ?

ಸಾಮಾನ್ಯವಾಗಿ ಇಲ್ಲ. ಒಳಗಿರುವವರ ಗೋರಿ ಅದು ಎಂದೇ ನೌಕಾಪಡೆಗಳು ನೋಡುತ್ತವೆ. ಬ್ರಿಟನ್ 1986ರಲ್ಲಿ, ಅಮೆರಿಕ 2004ರಲ್ಲಿ ಇಂಥ ಅವಶೇಷಗಳನ್ನು ಕೆದಕದಂತೆ ಕಾನೂನು ಮಾಡಿಕೊಂಡಿವೆ. ಕ್ಯಾಮೆರಾ ಇಳಿಸುತ್ತಾರೆ, ಅಳತೆ ತೆಗೆಯುತ್ತಾರೆ, ಮೇಲೆ ಹಡಗು ನಿಲ್ಲಿಸಿ ಹೂಮಾಲೆ ಬಿಡುತ್ತಾರೆ. ಮನೆಯವರಿಗೆ ಒಂದು ಅಕ್ಷಾಂಶ, ಒಂದು ರೇಖಾಂಶ ಸಿಗುತ್ತದೆ.

ಆ ತಾಯಿ ಕೊನೆಗೆ ಕೇಳಿದ್ದು ಇದನ್ನೇನೂ ಅಲ್ಲ. “ಈಗಿನ ಹುಡುಗರದು ಹೆಂಗ್ರಿ? ಹಂಗೇನರ ಆದ್ರ ಹುಡುಕ್ತಾರೇನ್ರಿ?”

ಹುಡುಕುತ್ತಾರೆ. ಜಲಾಂತರ್ಗಾಮಿ ಹೊತ್ತಿಗೆ ಸರಿಯಾಗಿ ಸುದ್ದಿ ಕೊಡದಿದ್ದರೆ ಶಾಂತಿಕಾಲದಲ್ಲಿ ಕೂಡಲೇ ಅಪಾಯದ ಗಂಟೆ ಬಾರಿಸುತ್ತಾರೆ, ಅಕ್ಕಪಕ್ಕದ ದೇಶಗಳೂ ಓಡಿಬರುತ್ತವೆ. 2021ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ನಂಗಾಲಾ 53 ಮಂದಿಯೊಡನೆ ಕಾಣೆಯಾದಾಗ ಭಾರತ ವಿಶಾಖಪಟ್ಟಣದಿಂದ ತನ್ನ ರಕ್ಷಣಾ ವಾಹನವನ್ನು ಕಳಿಸಿತ್ತು. ಅದು ನೂರಾರು ಮೀಟರ್ ಆಳಕ್ಕೆ ಇಳಿದು, ಸಿಕ್ಕಿಬಿದ್ದ ಜಲಾಂತರ್ಗಾಮಿಯ ಬಾಗಿಲಿಗೆ ಅಂಟಿಕೊಂಡು, ಒಳಗಿನವರನ್ನು ತನ್ನೊಳಕ್ಕೆ ತೆಗೆದುಕೊಳ್ಳಬಲ್ಲ ಸಣ್ಣ ನೌಕೆ. ನಂಗಾಲಾ 800 ಮೀಟರಿಗೂ ಕೆಳಗೆ ಮುರಿದು ಬಿದ್ದಿತ್ತು, ಯಾರನ್ನೂ ಉಳಿಸಲಾಗಲಿಲ್ಲ. ಆ ಮಾತನ್ನೂ ತಾಯಿಗೆ ಮುಚ್ಚಿಡಲಿಲ್ಲ.

2025ರ ಜುಲೈ 18ರಂದು ವಿಶಾಖಪಟ್ಟಣದಲ್ಲಿ ಒಂದು ಹೊಸ ಹಡಗು ಸೇವೆಗೆ ಸೇರಿದೆ ಎಂದೂ ಹೇಳಿದೆ. ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ್ದು. ಆಳಕ್ಕೆ ಡೈವರ್‌ಗಳನ್ನು ಇಳಿಸುವುದು, ಆ ರಕ್ಷಣಾ ನೌಕೆಯನ್ನು ಹೊತ್ತೊಯ್ದು ನೀರಿಗಿಳಿಸುವುದು ಅದರ ಕೆಲಸ. 1971ರಲ್ಲಿ ಗಾಜಿಯ ಬಳಿಗೆ ಇಳಿದವರ ಹಡಗಿನ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ: ನಿಸ್ತಾರ್. ದಾಟಿಸುವುದು, ಪಾರು ಮಾಡುವುದು ಎಂದು ಅರ್ಥ.

ಅವರು ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದರ ಹಿಂಬದಿಗೆ ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡರು. “ಐತಾರ ಫೋನ್ ಮಾಡ್ತಾನ್ರಿ ಸರ. ಈ ಹಡಗ ನೋಡಿಯೇನಪಾ ಅಂತ ಕೇಳ್ತೀನಿ,” ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.